ಹಳೆಯ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರ್ ಚಾಲೂ ಆಗದಿದ್ದರೆ

ಫ್ಯಾನ್ ತಿರುಗಿಯೂ ಪರದೆಯಲ್ಲಿ ಏನೂ ಮೂಡದಿದ್ದರೆ, ಮೊದಲು 24 ಪಿನ್ನಿನ ಮುಖ್ಯ ಕನೆಕ್ಟರ್ ಹಾಗೂ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ 8 ಪಿನ್ನಿನ ಕನೆಕ್ಟರ್ ಪೂರ್ತಿ ಕೂತಿವೆಯೇ ಎಂದು ನೋಡಬೇಕು. ಬಳ್ಳಾರಿಯಲ್ಲಿ, ಅದರಲ್ಲೂ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯ ಮನೆಗಳಲ್ಲಿ ಬಳಕೆಯಾದ ಮದರ್‌ಬೋರ್ಡಿನ ಸ್ಲಾಟ್‌ಗಳಲ್ಲಿ ಕೆಂಧೂಳು ಸೇರಿರಬಹುದಾದ್ದರಿಂದ, ಪ್ಲಗ್ ಕಿತ್ತು, ಸ್ಲಾಟನ್ನು ಒಣ ಮೃದು ಬ್ರಷ್ಷಿನಿಂದ ಶುಚಿಗೊಳಿಸಿ, ರ್‍ಯಾಮಿನ ಹೊಂಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಒಂದೇ ರ್‍ಯಾಮ್ ಹಾಕಿ ಪರೀಕ್ಷಿಸಿರಿ; ನನ್ನ ಅಭಿಪ್ರಾಯದಲ್ಲಿ ಹೊಸ ಭಾಗಕ್ಕೆ ಹಣ ಸುರಿಯುವ ಮುನ್ನ ಈ ಕೆಲಸ ಕಡ್ಡಾಯ. ಹಿಂದಿನ ಮಾಲೀಕರು ಬಯೋಸ್‌ನಲ್ಲಿ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲಿ) ಮಾಡಿಟ್ಟ ಸೆಟ್ಟಿಂಗ್‌ಗಳು ಅಡ್ಡಿಯಾಗುತ್ತಿದ್ದರೆ, ಪ್ಲಗ್ ಕಿತ್ತ ಸ್ಥಿತಿಯಲ್ಲೇ ಅವು ಅಳಿಸಿಹೋಗುವಂತೆ ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ನಾಣ್ಯದಾಕಾರದ ಸೆಲ್ಲನ್ನು ಕೆಲವು ನಿಮಿಷ ಹೊರತೆಗೆದಿಡಿ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಕೋರ್ ಪ್ರೊಸೆಸರ್‌ಗೆ ಪರದೆಗೆ ಚಿತ್ರ ಕಳಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಚಾಲೂ ಆಗಿ ಸ್ವಲ್ಪ ಹೊತ್ತಿನಲ್ಲೇ ಆರಿಹೋದರೆ, ಪ್ರೊಸೆಸರ್‌ನ ಶಾಖವನ್ನು ಅದರ ಮೇಲಿನ ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಾಯಿಸಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ; ಪ್ಲಗ್ ಕಿತ್ತರೂ ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.