ಕ್ಲಚ್ಚಿನ ಮೇಲಿನ ಕಾಲು ಮತ್ತು ಘಟ್ಟದ ಬ್ರೇಕು

ಶಿರಸಿಯಿಂದ ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿಯುವಾಗ ಮುಂದಿನ ಕಾರನ್ನು ಸ್ವಲ್ಪ ಗಮನಿಸಿ ನೋಡಿ. ಅನೇಕರ ಬ್ರೇಕ್ ದೀಪ ಘಟ್ಟದ ತಲೆಯಲ್ಲಿ ಹೊತ್ತಿಕೊಂಡರೆ ಬುಡ ಮುಟ್ಟುವವರೆಗೂ ಆರುವುದಿಲ್ಲ. ಕೊನೆಯ ತಿರುವುಗಳ ಹೊತ್ತಿಗೆ ಸುಟ್ಟ ವಾಸನೆ ಹಿಂದಿನ ವಾಹನದವರ ಮೂಗಿಗೂ ಬಡಿಯುತ್ತದೆ. ಕಾರು ಬೇಗ ಹಳತಾಯಿತೆಂದು ನಮ್ಮ ಜಿಲ್ಲೆಯವರು ರಸ್ತೆಯನ್ನು ದೂರುವುದುಂಟು, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಗ್ಯಾರೇಜಿನ ಬಿಲ್ಲಿನಲ್ಲಿ ಬರುವ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್‌ಗಳ ಲೆಕ್ಕದಲ್ಲಿ ದೊಡ್ಡ ಪಾಲು ಚಾಲಕನ ಕಾಲಿನದೇ ಎಂಬುದು ನನ್ನ ಅಭಿಪ್ರಾಯ.

ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿದೆ. ಒಂದು ಟನ್ ತೂಕದ ಕಾರು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಶಾಖವಾಗಿ ಮಾರ್ಪಟ್ಟರೆ, ಬಚ್ಚಲುಮನೆಯ ಹಂಡೆಯಲ್ಲಿ 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುತ್ತದೆ. ಇದರಲ್ಲಿ ಒಂದಿಷ್ಟು ಭಾಗ ಗಾಳಿಯ ತಡೆಗೂ ಟೈರುಗಳ ಉಜ್ಜುವಿಕೆಗೂ ಹೋಗುತ್ತದೆ. ಉಳಿದುದನ್ನು ಇಂಜಿನ್ ಹೊರಬೇಕೋ ಅಂಗೈಯಗಲದ ಬ್ರೇಕ್ ಪ್ಯಾಡುಗಳು ಹೊರಬೇಕೋ ಎಂಬುದನ್ನು ನಿರ್ಧರಿಸುವವರು ನೀವು. ಇಳಿಜಾರು ಆರಂಭವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬಂದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ತಗ್ಗಿದೊಡನೆ ಪೂರ್ತಿ ಬಿಟ್ಟರೆ ಡಿಸ್ಕಿಗೆ ಆರಲು ಬಿಡುವು ಸಿಗುತ್ತದೆ. ಸದಾ ಮೆಲ್ಲಗೆ ಒತ್ತಿಕೊಂಡೇ ಇಳಿಯುವವರಿಗೆ ತಾವು ಜಾಗರೂಕರೆಂಬ ಸಮಾಧಾನವಿರುತ್ತದೆ, ಆದರೆ ಪ್ಯಾಡ್ ಕಾಯ್ದು ಹಿಡಿತ ಬಿಡುವುದು ಅಂಥವರ ಕಾರಿನಲ್ಲಿಯೇ.

ಇದರ ಜೊತೆಗೆ ಬ್ರೇಕ್ ಆಯಿಲ್ ವಿಚಾರವನ್ನೂ ಹೇಳಬೇಕು, ಏಕೆಂದರೆ ಅದನ್ನು ಬದಲಿಸಬೇಕೆಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿಕೊಂಡ ಆಯಿಲ್‌ಗೆ ಅದೇ ನಿಯಮ ವಿಧಿಸುವ ಮಿತಿ 155 ಡಿಗ್ರಿ ಮಾತ್ರ. ಆಯಿಲ್ ಕುದಿದು ಗುಳ್ಳೆಯೆದ್ದರೆ ಪೆಡಲು ಮೆತ್ತಗಾಗಿ ಕಾಲಿನಡಿಯಲ್ಲಿ ಕುಸಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಮಳೆಗಾಲವನ್ನೂ ಕರಾವಳಿಯ ತೇವದ ಗಾಳಿಯನ್ನೂ ನೆನೆದರೆ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಮಾಡುವ ಖರ್ಚು ದೊಡ್ಡದಲ್ಲ.

ಇಂಧನ ಉಳಿಯುತ್ತದೆಂದು ಅರಬೈಲ್ ಘಟ್ಟವನ್ನೋ ಆಣಶಿ ಘಟ್ಟವನ್ನೋ ನ್ಯೂಟ್ರಲ್ ಹಾಕಿ ಇಳಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಇಂಜೆಕ್ಷನ್ ಇರುವ ಈಗಿನ ಕಾರುಗಳಲ್ಲಿ, ಗೇರಿನಲ್ಲಿದ್ದು ಕಾಲು ತೆಗೆದಾಗ ಇಂಜಿನ್ನಿಗೆ ಇಂಧನವೇ ಹೋಗುವುದಿಲ್ಲ. ನ್ಯೂಟ್ರಲಿನಲ್ಲಾದರೆ ಇಂಜಿನ್ ಆರದಿರಲು ಅದು ಹೋಗಲೇಬೇಕು. ಇಂಜಿನ್ನನ್ನೇ ಆರಿಸಿ ಇಳಿಯುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು, ಏಕೆಂದರೆ ನಾಲ್ಕಾರು ಸಲ ಒತ್ತುವಷ್ಟರಲ್ಲಿ ಪವರ್ ಬ್ರೇಕಿನ ಬಲವೂ ಮುಗಿದು ಪೆಡಲು ಕಲ್ಲಾಗುತ್ತದೆ.

ಘಟ್ಟ ಹತ್ತುವಾಗ ಸವೆಯುವುದು ಕ್ಲಚ್. ತಿರುವಿನಲ್ಲಿ ಮುಂದೆ ಲಾರಿ ನಿಂತರೆ, ಹಿಂದೆ ಜಾರದಂತೆ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತೂಗಿ ಹಿಡಿಯುವುದನ್ನು ಅನೇಕರು ಕೈಚಳಕವೆಂದು ತಿಳಿದಿದ್ದಾರೆ. ಆ ಹೊತ್ತಿನಲ್ಲಿ ಕಾರಿನ ಭಾರವನ್ನೆಲ್ಲ ಕ್ಲಚ್ ಪ್ಲೇಟ್ ಉಜ್ಜಿಕೊಂಡೇ ಹೊರುತ್ತಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ ಕಾಯಿರಿ. ಹೊರಡುವಾಗ ಕ್ಲಚ್ ಹಿಡಿದುಕೊಳ್ಳುತ್ತಿದ್ದಂತೆ ಬಾನೆಟ್ಟು ತುಸು ಎದ್ದಂತಾಗುತ್ತದೆ, ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಕ್ಲಚ್ ಪೆಡಲ್ ಇಲ್ಲದ ಎಎಂಟಿ ಗಾಡಿಯ ಒಳಗೂ ಇಂಥದೇ ಪ್ಲೇಟ್ ಇರುತ್ತದೆ, ಆದ್ದರಿಂದ ಏರಿನಲ್ಲಿ ಅದನ್ನು ಆಕ್ಸಿಲರೇಟರಿನಿಂದ ನಿಲ್ಲಿಸಿಕೊಳ್ಳಬಾರದು. ಸಮತಟ್ಟಾದ ಹೆದ್ದಾರಿಯಲ್ಲಿ ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಹಗುರವಾಗಿ ಇರಿಸಿಕೊಳ್ಳುವುದೂ ಹಾನಿಯೇ, ಅದರಿಂದ ರಿಲೀಸ್ ಬೇರಿಂಗ್ ಸವೆಯುತ್ತದೆ. ಕಾಲಿಗೆ ಪಕ್ಕದಲ್ಲಿ ಜಾಗವಿದೆ.

ಕಾರವಾರ, ಅಂಕೋಲಾ, ಹೊನ್ನಾವರದ ಕಡಲಂಚಿನಲ್ಲಿ ಇರುವವರ ಕಾರಿಗೆ ಉಪ್ಪಿನ ಕಾಟ ಬೇರೆ. ಮರಳಿನ ಮೇಲೆ ಅಲೆಯ ಅಂಚಿನವರೆಗೆ ಕಾರು ಇಳಿಸಿ ಫೋಟೊ ತೆಗೆಸಿಕೊಳ್ಳುವುದು ಮಕ್ಕಳಿಗೆ ಖುಷಿ, ಕಾರಿನ ತಳದ ತಗಡಿಗೆ ಮಾತ್ರ ಸಂಕಟ. ಹಾಗೆ ಹೋಗಿದ್ದರೆ ಅದೇ ದಿನ ಸಿಹಿನೀರಿನಿಂದ ತಳಭಾಗ, ಚಕ್ರದ ಒಳಗೂಡು, ಬಾಗಿಲಿನ ಕೆಳಗಿನ ನೀರು ಹೋಗುವ ತೂತುಗಳನ್ನು ತೊಳೆಯಬೇಕು. ಮೇಲಿನ ಬಣ್ಣವನ್ನು ಉಜ್ಜುವ ಅರ್ಧದಷ್ಟು ಶ್ರದ್ಧೆಯನ್ನು ತಳಕ್ಕೆ ತೋರಿದರೂ ಸಾಕು. ಮಳೆಗಾಲದಲ್ಲಿ ಕಾರನ್ನು ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಹಿಂದಿನ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುವುದುಂಟು. ಸಮತಟ್ಟಾದ ಅಂಗಳದಲ್ಲಾದರೆ ಮೊದಲ ಗೇರಿನಲ್ಲಿರಿಸಿ ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಲೇಸು.

ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಇಂಜಿನ್ನನ್ನು ಜೋರಾಗಿ ಕೂಗಿಸಬಾರದು, ಹತ್ತು ನಿಮಿಷ ಅಂಗಳದಲ್ಲೇ ಓಡಿಸುವ ಅಗತ್ಯವೂ ಇಲ್ಲ. ಅರ್ಧ ನಿಮಿಷ ಬಿಟ್ಟು ಹೊರಟು, ಮೊದಲ ಕೆಲವು ಕಿಲೋಮೀಟರ್ ಸೌಮ್ಯವಾಗಿ ಓಡಿಸಿದರೆ ಆಯಿಲ್ ಕಾಯ್ದು ಎಲ್ಲ ಕಡೆ ಹರಡುತ್ತದೆ. ಹಾಲು ತರಲು, ಮೀನುಪೇಟೆಗೆ ಎಂದು ಒಂದೊಂದು ಕಿಲೋಮೀಟರಿಗೂ ಕಾರು ತೆಗೆಯುವ ಮನೆಗಳಲ್ಲಿ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ, ಅದರೊಳಗೆ ಹುಟ್ಟಿದ ನೀರಿನಂಶ ಆಯಿಲಿನಲ್ಲೇ ಉಳಿಯುತ್ತದೆ. ಅಂಥ ಕೆಲಸಗಳಿಗೆ ಸ್ಕೂಟರ್ ತೆಗೆಯಿರಿ, ಇಲ್ಲವೇ ನಡೆದೇ ಹೋಗಿ. ಟರ್ಬೊ ಇರುವ ಕಾರಿನಲ್ಲಿ ಘಟ್ಟ ಹತ್ತಿ ನಿಂತೊಡನೆ ಇಂಜಿನ್ ಆರಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಡುವುದು ಒಳ್ಳೆಯದು.

ಹೊಂಡ ಕಂಡಾಗ ಮೊದಲೇ ಬ್ರೇಕ್ ಒತ್ತಿ, ಚಕ್ರ ಹೊಂಡಕ್ಕೆ ಇಳಿಯುವ ಹೊತ್ತಿಗೆ ಬಿಟ್ಟುಬಿಡಬೇಕು. ಒತ್ತಿಕೊಂಡೇ ಇಳಿದರೆ ಮುಂದಿನ ಶಾಕ್ ಅಬ್ಸಾರ್ಬರ್ ಮೊದಲೇ ಕುಗ್ಗಿರುವುದರಿಂದ ಪೆಟ್ಟು ನೇರವಾಗಿ ಬೀಳುತ್ತದೆ. ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗಲೇ ನೋಡಿಸಿ. ಅಡಿಕೆ ಚೀಲ ಹೇರುವ ದಿನ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಬರೆದಿರುವಷ್ಟು ಗಾಳಿ ಹಾಕಿಸಿ.

ಆಷಾಢದ ಮಳೆಯಲ್ಲಿ ರಸ್ತೆಯ ಮೇಲೆ ಹಳ್ಳ ಹರಿಯುತ್ತಿದ್ದರೆ ಇಳಿಯುವವರೆಗೆ ಕಾಯುವುದೇ ಸರಿ. ಹಾಗೂ ನಿಂತ ನೀರಿನಲ್ಲಿ ಕಾರು ನಿಂತುಹೋದರೆ ಮತ್ತೊಮ್ಮೆ ಕೀಲಿ ತಿರುಗಿಸಬೇಡಿ, ಏಕೆಂದರೆ ಸಿಲಿಂಡರಿಗೆ ನೀರು ನುಗ್ಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುವುದು ಆ ಒಂದು ಯತ್ನದಲ್ಲೇ. ನಾಲ್ಕು ಜನರನ್ನು ಕರೆದು ಗಾಡಿಯನ್ನು ದೂಡಿ ಮೇಲೆ ತನ್ನಿ, ಮೆಕ್ಯಾನಿಕ್ ಬಂದು ಏರ್ ಫಿಲ್ಟರ್ ಬಿಚ್ಚಿ ನೋಡುವವರೆಗೆ ಕೀಲಿಯನ್ನು ಕಿಸೆಯಲ್ಲೇ ಇಟ್ಟುಕೊಳ್ಳಿ.