ಗೆಳತಿಯರನ್ನು ಮನೆಯಿಂದ ಹೊರಡಿಸುವ ಬಗೆ: ಕಡಲೆಕಾಯಿಯಿಂದ ಅವರೆಕಾಯಿವರೆಗೆ

"ಎಲ್ಲಾದರೂ ಹೋಗೋಣ ಕಣ್ರೇ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಮೊದಲ ಪಾಠ ಇದೇ. ಹಾಕಿದ ತಕ್ಷಣ ಒಬ್ಬಳು ಗೋಕರ್ಣ ಅನ್ನುತ್ತಾಳೆ, ಇನ್ನೊಬ್ಬಳು ಕೊಡಗು, ಮತ್ತೊಬ್ಬಳು ಯಾವುದೋ ಹೋಂಸ್ಟೇ ಫೋಟೊ ಕಳಿಸುತ್ತಾಳೆ. ಆಮೇಲೆ ಮಗನ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್, ರಜೆ ಸಿಗೋಲ್ಲ. ಬುಧವಾರದ ಹೊತ್ತಿಗೆ ಗ್ರೂಪಿನಲ್ಲಿ ಬರೀ ಶುಭೋದಯದ ಗುಲಾಬಿಗಳು.

ನಾನೀಗ ಕೇಳುವುದಿಲ್ಲ, ಹೇಳುತ್ತೇನೆ. "ಭಾನುವಾರ ಬೆಳಿಗ್ಗೆ ಏಳೂವರೆಗೆ ಲಾಲ್‌ಬಾಗ್ ಮೆಟ್ರೊ ಸ್ಟೇಷನ್ ಕೆಳಗೆ ಇರ್ತೀನಿ. ಹನ್ನೊಂದೂವರೆಗೆ ಮನೆ. ಬರೋರು ಬನ್ನಿ." ಇಷ್ಟೇ. ಇದರಲ್ಲಿ ಹೊರಡುವ ಹೊತ್ತಿಗಿಂತ ಮನೆ ಸೇರುವ ಹೊತ್ತು ಮುಖ್ಯ. ಮಧ್ಯಾಹ್ನದ ಅಡುಗೆಗೆ ವಾಪಸ್ ಇರ್ತೀನಿ ಅನ್ನುವ ಧೈರ್ಯ ಸಿಕ್ಕರೆ ಸಂಸಾರಸ್ಥರ ಕಾಲು ತಾನೇ ಏಳುತ್ತದೆ. ಒಬ್ಬಳೇ ಬಂದರೂ ಹೊರಡಿ. "ಎಲ್ಲರೂ ಬರೋ ದಿನ ಹೋಗೋಣ" ಅಂತ ಕೂತರೆ ಆ ದಿನ ಯಾರಾದರೊಬ್ಬರ ಮನೆಯ ಮದುವೆಗೇ ಬರುವುದು.

ನಾವು ಐದು ಜನ, ಪಿಯುಸಿಯಲ್ಲಿ ಒಂದೇ ಬೆಂಚು. ಈಗ ಒಬ್ಬಳು ಬ್ಯಾಂಕು, ಒಬ್ಬಳು ಮಾಗಡಿಯ ಕಡೆ ಟೀಚರು, ಒಬ್ಬಳದು ಜಯನಗರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ, ಒಬ್ಬಳು ಮನೆಯಲ್ಲೇ ಇದ್ದು ಇಡೀ ಬಿಲ್ಡಿಂಗಿನ ಪಂಚಾಯಿತಿ ಮಾಡುತ್ತಾಳೆ. ನಾನು ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ತಲಾ 500 ರೂಪಾಯಿ ಒಂದು ಪರ್ಸಿಗೆ ಹಾಕಿ, ಅದನ್ನು ಒಬ್ಬಳ ಕೈಗೆ ಕೊಟ್ಟುಬಿಡಿ. ಕಾಫಿ, ಆಟೊ, ಕಡಲೆಕಾಯಿ ಎಲ್ಲ ಅದರಿಂದಲೇ. ಖಾಲಿಯಾದಾಗ ಮತ್ತೆ ತುಂಬಿ. ಪ್ರತಿ ಕಾಫಿಗೂ "ನಾನ್ ಕೊಡ್ತೀನಿ, ನೀನ್ ಬೇಡ" ಎಂಬ ಜಗ್ಗಾಟ, ರಾತ್ರಿ ಹನ್ನೊಂದಕ್ಕೆ "ನಿಂದು 87 ರೂಪಾಯಿ ಆಯ್ತು, ಫೋನ್‌ಪೇ ಮಾಡು" ಎಂಬ ಮೆಸೇಜು, ಇವೆರಡೂ ಸ್ನೇಹಕ್ಕೆ ಒಳ್ಳೆಯದಲ್ಲ.

ಎಲ್ಲಿಗೆ ಹೋಗುವುದು ಅನ್ನುವುದನ್ನು ಕಾಲಕ್ಕೆ ಬಿಡಿ. ಕಾರ್ತಿಕದ ಕೊನೆಯಿಂದ ಸಂಕ್ರಾಂತಿ ದಾಟುವವರೆಗೆ ಬೆಂಗಳೂರಿನ ದಕ್ಷಿಣದ ಈ ಮೂಲೆಯಲ್ಲಿ ವಾರ ವಾರ ಏನೋ ಒಂದು ಇದ್ದೇ ಇರುತ್ತದೆ. ಹುಡುಕುವ ಕೆಲಸವೇ ಇಲ್ಲ.

ಮೊದಲು ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಎದುರು ನಡೆಯುವ ಜಾತ್ರೆ. ಸೋಮವಾರ ಸಂಜೆ ಮಾತ್ರ ಹೋಗಬೇಡಿ. ಜನರೇ ನಿಮ್ಮನ್ನು ಎತ್ತಿಕೊಂಡು ಹೋಗಿ ಇನ್ನೆಲ್ಲೋ ಇಳಿಸುತ್ತಾರೆ. ಅಂಗಡಿಗಳು ಒಂದೆರಡು ದಿನ ಮುಂಚೆಯೇ ಹರಡಿಕೊಂಡಿರುತ್ತವೆ, ಆ ಶನಿವಾರವೋ ಭಾನುವಾರವೋ ಬೆಳಿಗ್ಗೆ ಹೋಗಿ. ನ್ಯಾಷನಲ್ ಕಾಲೇಜು ಮೆಟ್ರೊದಲ್ಲಿ ಇಳಿದು ನಡೆಯಿರಿ. ಕಾರು ತರುತ್ತೇನೆ ಅನ್ನುವವಳನ್ನು ಮುಲಾಜಿಲ್ಲದೆ ತಡೆಯಿರಿ, ಇಲ್ಲದಿದ್ದರೆ ಅವಳ ಪರಿಷೆ ಪಾರ್ಕಿಂಗ್ ಹುಡುಕುವುದರಲ್ಲೇ ಮುಗಿಯುತ್ತದೆ.

ಹೋಗುವಾಗ ಕೊಳ್ಳಬೇಡಿ, ಬರುವಾಗ ಕೊಳ್ಳಿ. ಹೋಗುವಾಗ ಬರೀ ರುಚಿ ನೋಡುವುದು. "ತಗೋ ತಾಯಿ, ತಿಂದ್ ನೋಡು" ಅಂತ ಚಿಂತಾಮಣಿ ಕಡೆಯ ಅಜ್ಜಿಯರು ತಾವೇ ಕೈಗೆ ಹಾಕುತ್ತಾರೆ, ಸಂಕೋಚ ಬೇಡ. ಹುರಿದದ್ದು ಬಿಸಿ ಇರುವಾಗ ಅಲ್ಲೇ ತಿನ್ನಲಿಕ್ಕೆ, ಹಸಿಯದು ಮನೆಗೆ. ಹಸಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಒಣಗಿದೆ, ಬೇಯಿಸಿದರೆ ಸಿಹಿ ಬರುವುದಿಲ್ಲ. ಸಿಪ್ಪೆಗೆ ಮಣ್ಣು ಮೆತ್ತಿಕೊಂಡು ಕೈಗೆ ಭಾರ ಅನ್ನಿಸುವುದನ್ನು ಆರಿಸಿ. ಮನೆಯಲ್ಲಿ ಮೂರು ನೀರು ತೊಳೆದು, ಉಪ್ಪು ಜಾಸ್ತಿಯೇ ಹಾಕಿ, ಕುಕ್ಕರಿನಲ್ಲಿ ನಾಲ್ಕು ಕೂಗು. ಆ ಉಪ್ಪುನೀರಿನಲ್ಲೇ ಅರ್ಧ ಗಂಟೆ ಬಿಟ್ಟರೆ ಉಪ್ಪು ಒಳಗೆ ಇಳಿಯುತ್ತದೆ.

ಈ ಬಸವನಗುಡಿ ಹಿಂದೆ ಸುಂಕೇನಹಳ್ಳಿ. ಹೊಲದ ಕಡಲೆಕಾಯಿಯನ್ನೆಲ್ಲ ರಾತ್ರಿ ಬಸವ ಬಂದು ಮೇಯುತ್ತಿದ್ದ, ರೈತರು ಮೊದಲ ಬೆಳೆ ನಿನಗೇ ಅಂತ ಹರಕೆ ಹೊತ್ತರು ಎನ್ನುವುದು ಕತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಬೆಳೆ. ನಮ್ಮ ಬಸವಣ್ಣ ಹೊಸ ರುಚಿಗೆ ಎಷ್ಟು ಬೇಗ ಬಾಯಿ ಹಾಕಿದ ನೋಡಿ ಅಂತ ನಮ್ಮ ಟೀಚರಮ್ಮ ಪ್ರತಿ ಸಲ ನಗುತ್ತಾಳೆ. ದೊಡ್ಡ ಗಣಪನಿಗೂ ಬಸವಣ್ಣನಿಗೂ ಕೈ ಮುಗಿದ ಮೇಲೆ ಪಕ್ಕದ ಕಹಳೆ ಬಂಡೆ ಪಾರ್ಕಿಗೆ ಬನ್ನಿ, ಬಂಡೆಯ ಮೇಲೆ ಕೂತು ಸುಲಿದು ತಿನ್ನಿ. ಸಿಪ್ಪೆಗೆ ಒಂದು ಬಟ್ಟೆ ಚೀಲ ಮನೆಯಿಂದಲೇ ತನ್ನಿ.

ಲಾಲ್‌ಬಾಗಿಗೆ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಹೋದರೆ ಟಿಕೆಟ್ ಇಲ್ಲ. 240 ಎಕರೆ, ಪೂರ್ತಿ ಸುತ್ತುವ ಹಟ ಬೇಡ. ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ ಕೂತರೆ ಸಾಕು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತಾರೆ, ಅಲ್ಲಿ ಕೂತಾಗ ನಮ್ಮ ಐವತ್ತರ ಮಂಡಿನೋವಿನ ಮಾತು ತಾನಾಗಿ ಕಡಿಮೆಯಾಗುತ್ತದೆ. ಗೇಟಿನ ಆಚೆ ಹಾಗಲಕಾಯಿ ಜ್ಯೂಸ್ ಮಾರುತ್ತಾರೆ. ಕುಡಿಯಬೇಡಿ, ಮುಂದೆ ದೋಸೆ ಇದೆ.

ದೋಸೆಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ಇದೆ, ಶುಕ್ರವಾರ ರಜೆ. ಭಾನುವಾರ ಕಾಯಲೇಬೇಕು, ಅದಕ್ಕೂ ಒಂದು ಬಗೆ ಇದೆ. ಒಬ್ಬಳು ಹೆಸರು ಬರೆಸಿ ಬಾಗಿಲಲ್ಲಿ ನಿಲ್ಲಲಿ, ಉಳಿದವರು ಹೂವು, ವೀಳ್ಯದೆಲೆ, ಗ್ರಂಥಿಗೆ ಅಂಗಡಿಯ ಸಾಮಾನು ಮುಗಿಸಿಕೊಂಡು ಬರಲಿ. ನಿಲ್ಲುವವಳು ಪ್ರತಿ ಸಲ ಬೇರೆಯವಳಾಗಬೇಕು. ಒಳಗೆ ಕೂತ ಮೇಲೆ ಫೋನು ಬ್ಯಾಗಿನಲ್ಲಿ. ಪಂಚೆ ಉಟ್ಟ ಮಾಣಿ ಒಂದು ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಮೇಲಿಂದ ಮೇಲೆ ಜೋಡಿಸಿಕೊಂಡು, ಗದ್ದದವರೆಗೆ ಏರಿಸಿಕೊಂಡು, ಮೇಜುಗಳ ಸಂದಿಯಲ್ಲಿ ತೂರಿ ಬರುವುದನ್ನು ಕಣ್ಣಿಂದಲೇ ನೋಡಬೇಕು. ದೋಸೆ ಬಂದ ಕೂಡಲೇ ಮಾತು ನಿಲ್ಲಿಸಿ. ಆರಿದರೆ ಆ ಗರಿ ಹೋಯಿತು.

ಇನ್ನು ನನ್ನ ಮಟ್ಟಿಗೆ ಈ ಕಾಲದ ದೊಡ್ಡ ಹಬ್ಬ, ಅವರೆಕಾಯಿ. ಇದಕ್ಕೆ ಹೊರಗೆ ಹೋಗುವುದು ಬೇಡ, ಯಾರದಾದರೂ ಮನೆಯ ಹಾಲ್ ಸಾಕು. ಐದು ಜನ ಎರಡು ಗಂಟೆ ಕೂತು ಮಾತಾಡಲಿಕ್ಕೆ ಕೈಗೊಂದು ಕೆಲಸ ಬೇಕು. ಅದಕ್ಕೆ ನೆನೆಸಿದ ಅವರೆಕಾಳಿನ ಸಿಪ್ಪೆ ಬಿಡಿಸಿ ಹಿತುಕುವುದನ್ನು ಮೀರಿದ್ದಿಲ್ಲ.

ಕಾಯಿ ಆರಿಸುವುದು ಮೂಗಿನ ಕೆಲಸ. ಚಳಿ ಬಿದ್ದು ಮಂಜು ಕುಡಿದ ಕಾಯಿಗೆ ಸೊಗಡು ಬರುತ್ತದೆ. ಗುಡ್ಡೆಯೊಳಗೆ ಕೈ ಹಾಕಿ ತೆಗೆದರೆ ಅಂಗೈ ಜಿಡ್ಡಾಗಬೇಕು, ಆ ವಾಸನೆ ಮನೆ ಸೇರುವವರೆಗೂ ಕೈಯಲ್ಲಿರಬೇಕು. ಕಾಯಿ ತುಂಬಿಕೊಂಡಿರಲಿ, ಹಸಿರಾಗಿರಲಿ. ತೂತಿರುವುದನ್ನು ಬಿಡಿ, ಆದರೆ ಒಂದೆರಡು ಹುಳ ಬಂದರೆ ಕಿರುಚಬೇಡಿ, ಅವರೆ ಅಂದಮೇಲೆ ಹುಳ ಇರುತ್ತದೆ. ಐದು ಜನರ ಊಟಕ್ಕೆ ಮೂರು ಕೆಜಿ ಕಾಯಿ ತನ್ನಿ. ನಮ್ಮ ಟೀಚರಮ್ಮ ಮಾಗಡಿ ಕಡೆಯಿಂದ ತರುತ್ತಾಳೆ, ಹಾಗಾಗಿ ಅವಳು ಪರ್ಸಿಗೆ ದುಡ್ಡು ಹಾಕುವಂತಿಲ್ಲ.

ಹಿಂದಿನ ರಾತ್ರಿಯೇ ಸುಲಿದು ಕಾಳನ್ನು ನೀರಲ್ಲಿ ನೆನೆಸಿಡುವುದು ಮನೆಯವಳ ಜವಾಬ್ದಾರಿ. ಬೆಳಿಗ್ಗೆ ಎಲ್ಲರೂ ಬಂದು ಪಾತ್ರೆಯ ಸುತ್ತ ನೆಲದ ಮೇಲೆ ಕೂರುವುದು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ತುದಿಯಲ್ಲಿ ಒತ್ತಿದರೆ ಇನ್ನೊಂದು ತುದಿಯಿಂದ ಬೇಳೆ ಪುಳಕ್ಕನೆ ಹಾರುತ್ತದೆ. ಕೈಯನ್ನು ಪಾತ್ರೆಯೊಳಗೆ ಇಳಿಸಿ ಹಿತುಕಿ. ಇಲ್ಲದಿದ್ದರೆ ಅರ್ಧ ಬೇಳೆ ಸೋಫಾ ಕೆಳಗೆ ಸೇರುತ್ತದೆ, ಮೂರು ದಿನ ಬಿಟ್ಟು ವಾಸನೆ ಹುಡುಕಿಕೊಂಡು ಹೋಗಬೇಕು. ಸ್ವಲ್ಪ ಹೊತ್ತಿಗೆ ಕೈ ತಾನೇ ನಡೆಯುತ್ತದೆ, ಬಾಯಿ ಬಿಚ್ಚುತ್ತದೆ. ಹೋಟೆಲ್ ಮೇಜಿನಲ್ಲಿ ಎದುರುಬದುರು ಕೂತು ಹೇಳಲಾಗದ ಮಾತು, ತಲೆ ಬಗ್ಗಿಸಿ ಕಾಳು ನೋಡುತ್ತಾ ಹೇಳಬಹುದು. ಬ್ಯಾಂಕಿನವಳು ಕೆಲಸ ಬಿಡುವ ಯೋಚನೆ ಹೇಳಿದ್ದು ಇಂಥಾ ಒಂದು ಪಾತ್ರೆಗೆ. ಸಿಪ್ಪೆಯನ್ನು ರಸ್ತೆಗೆ ಚೆಲ್ಲಿ ಹತ್ತು ಜನ ತುಳಿದರೆ ಸಾರಿನ ರುಚಿ ಹೆಚ್ಚುತ್ತದೆ ಅಂತ ನಮ್ಮಜ್ಜಿ ಅನ್ನುತ್ತಿದ್ದರು. ಈಗ ಹಾಗೆ ಮಾಡಿದರೆ ಬಿಲ್ಡಿಂಗಿನ ಪಂಚಾಯಿತಿಯವಳೇ ದಂಡ ಹಾಕುತ್ತಾಳೆ, ಹಸಿ ಕಸಕ್ಕೆ ಹಾಕಿ.

ಸಾರಿಗೆ ಧನಿಯ, ಜೀರಿಗೆ, ಗಸಗಸೆ, ಒಂದು ಚೂರು ಚಕ್ಕೆ, ಎರಡು ಲವಂಗ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ. ಒಗ್ಗರಣೆಯಲ್ಲಿ ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಆಮೇಲೆ ಬೇಳೆ, ನೀರು, ಉಪ್ಪು. ಕುಕ್ಕರ್ ಮುಟ್ಟಬೇಡಿ. ಹಿತಕಿದ ಬೇಳೆ ತೆರೆದ ಪಾತ್ರೆಯಲ್ಲೇ ಹದಿನೈದು ನಿಮಿಷಕ್ಕೆ ಬೇಯುತ್ತದೆ, ಕುಕ್ಕರಿಗೆ ಹಾಕಿದರೆ ಗಂಜಿ. ಜೊತೆಗೆ ರಾಗಿ ಮುದ್ದೆ. ಮುದ್ದೆ ತಿನ್ನದವರಿಗೆ ಅಕ್ಕಿ ರೊಟ್ಟಿ, ಪೂರಿಯೂ ನಡೆಯುತ್ತದೆ. ಈ ದಿನ ಮಾತ್ರ "ಹನ್ನೊಂದೂವರೆಗೆ ಮನೆ" ನಿಯಮ ಇಲ್ಲ, ಮನೆಯವರಿಗೂ ಒಂದೊಂದು ಡಬ್ಬಿ ಹೊತ್ತುಕೊಂಡು ಹೋದರೆ ಯಾರೂ ಕೇಳುವುದಿಲ್ಲ.

ಹಿತುಕುವ ತಾಳ್ಮೆ ಇಲ್ಲದವರಿಗೆ ಜನವರಿಯ ಅವರೆಬೇಳೆ ಮೇಳ ಇದೆ, ದೋಸೆಯಿಂದ ಜಿಲೇಬಿವರೆಗೆ ಎಲ್ಲದರಲ್ಲೂ ಅವರೆ. ವಾರದ ನಡುವೆ ಮಧ್ಯಾಹ್ನ ಹೋಗಿ. ಜಿಲೇಬಿ ಒಂದನ್ನು ಐದು ಜನ ಹಂಚಿಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಧನುರ್ಮಾಸದಲ್ಲಿ ಒಂದು ದಿನ ನಸುಕಿಗೆ ಎದ್ದು ಹತ್ತಿರದ ದೇವಸ್ಥಾನಕ್ಕೆ ಹೋಗಿ, ದೊನ್ನೆಯಲ್ಲಿ ಬಿಸಿ ಹುಗ್ಗಿ ಇಸಕೊಳ್ಳಿ. ಆಫೀಸಿಗೆ ಹೋಗುವ ದಿನವೂ ಇದು ಆಗುತ್ತದೆ, ಏಳಕ್ಕೆಲ್ಲ ಮುಗಿದಿರುತ್ತದೆ.

ಸಂಜೆಯೇ ಬಿಡುವು ಅನ್ನುವ ಗೆಳತಿಗೆ ಜೆ.ಪಿ. ನಗರದ ರಂಗಶಂಕರ. 2004ರಲ್ಲಿ ಶಂಕರ್ ನಾಗ್ ನೆನಪಿಗೆ ಕಟ್ಟಿದ್ದು, ಸೋಮವಾರ ರಜೆ. ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಯಾರ ಶಿಫಾರಸೂ ನಡೆಯದು. ಯಾವಾಗಲೂ ತಡವಾಗಿ ಬರುವವಳಿಗೆ ಒಂದು ಗಂಟೆ ಮುಂಚಿನ ಹೊತ್ತು ಹೇಳಿ. ಬೇಗ ಬಂದುಬಿಟ್ಟರೆ ಅಲ್ಲೇ ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿಂದುಕೊಂಡಿರಲಿ.

ಬಾರದವಳ ವಿಷಯಕ್ಕೆ ಬಂದರೆ, ಹಂಗಿಸಬೇಡಿ, ನಲವತ್ತು ಫೋಟೊ ಕಳಿಸಿ ಹೊಟ್ಟೆ ಉರಿಸಬೇಡಿ. ಒಂದು ಸೇರು ಕಡಲೆಕಾಯಿ ಅವಳ ಪಾಲಿಗೂ ಕೊಂಡು, ಹೋಗುವ ದಾರಿಯಲ್ಲಿ ಗೇಟಿನಲ್ಲೇ ಕೊಟ್ಟು, ಕಾಫಿಗೆ ಕರೆದರೂ ಒಳಗೆ ಹೋಗದೆ, ಮುಂದಿನ ದಿನ ಮತ್ತು ಹೊತ್ತು ಹೇಳಿ ಬನ್ನಿ. ಹೀಗೆ ಎರಡನೆಯ ಚೀಲ ಗೇಟಿಗೆ ಬರುವ ಹೊತ್ತಿಗೆ ಹೆಚ್ಚಿನವರು ಚಪ್ಪಲಿ ಹಾಕಿಕೊಂಡೇ ನಿಂತಿರುತ್ತಾರೆ.