ಮಡಲಿನ ಚಪ್ಪರದಡಿ ಬ್ಲೂಸ್

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಕೊಯ್ಲು ಮುಗಿದ ಗದ್ದೆಯಲ್ಲಿ ಜನವರಿಯ ಮೂರನೇ ಶನಿವಾರ ಬ್ಲೂಸ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಸಂಗೀತ) ಉತ್ಸವ ನಡೆಸುತ್ತೇವೆ. ಈಗ ನಾಲ್ಕು ಸಲ ಆಯಿತು. ಮೊದಲ ಎರಡು ಸಲ ಕೈಸುಟ್ಟಿತು, ಮೂರನೆಯ ಸಲ ಖರ್ಚಿಗೆ ಖರ್ಚು ಸರಿಹೋಯಿತು, ಈ ಸಲ ಸ್ವಲ್ಪ ಉಳಿಯಿತು. ಬದಲಿಸಿದ್ದು ಮುಖ್ಯವಾಗಿ ಒಂದನ್ನೇ: ಶಬ್ದ ಇಳಿಸಿದೆವು. ಬೇಸ್ ಗುಡುಗಿಸುವ ಸಬ್‌ವೂಫರ್ ಸ್ಪೀಕರ್ ಇಲ್ಲದಿದ್ದರೆ ಹುಡುಗರು ಎದ್ದು ಹೋಗುತ್ತಾರೆ ಎಂದು ಸೌಂಡಿನವರೂ ಹೇಳಿದರು, ಸಮಿತಿಯಲ್ಲಿ ಅರ್ಧ ಜನರೂ ಹೇಳಿದರು. ಈ ಸಲ ರಾತ್ರಿ ಒಂಬತ್ತಕ್ಕೆ 300 ಕುರ್ಚಿಯಲ್ಲಿ ಖಾಲಿ ಇದ್ದದ್ದು ಹತ್ತೋ ಹನ್ನೆರಡೋ.

ಮೊದಲ ಸಲ ನವೆಂಬರ್ ಮೊದಲ ವಾರ ಇಟ್ಟದ್ದೇ ತಪ್ಪು. ತುಲಾ ತಿಂಗಳ ಮಳೆ ಸಂಜೆ ಐದಕ್ಕೆ ಗುಡುಗಿನ ಜೊತೆ ಬರುತ್ತದೆ, ಕೇಬಲ್ ಎಳೆದು ಮುಗಿಯುವ ಹೊತ್ತಿಗೇ ಬರುತ್ತದೆ. ಎರಡನೆಯ ಸಲ ಪದವಿನ ಮೇಲೆ, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲಿನಲ್ಲಿ, ತಗಡಿನ ಶೀಟ್ ಹೊದೆಸಿದ ವೇದಿಕೆ. ಮಳೆಯ ಭಯ ಇರಲಿಲ್ಲ, ಉಳಿದದ್ದೆಲ್ಲ ಕೆಟ್ಟಿತು. ಶೀಟಿನಡಿ ಡ್ರಮ್ಸ್ ಮತ್ತು ಗಿಟಾರ್ ಒಟ್ಟಿಗೆ ಬಾರಿಸಿದರೆ ಹಾಡುವವರ ಮೈಕಿನೊಳಗೆ ಹೋಗುವುದು ಹಾಡಿಗಿಂತ ಹೆಚ್ಚು ಡ್ರಮ್ಸಿನ ಸಿಂಬಲ್ ತಟ್ಟೆಯ ಸದ್ದು. ಅದರ ಮೇಲೆ ಹಾಡಿನ ಚಾನೆಲ್ ಏರಿಸಿದರೆ ಕೂಗಾಟ, ಇಳಿಸಿದರೆ ಮಾತು ಕೇಳುವುದಿಲ್ಲ.

ಪದವಿನಲ್ಲಿ ಇನ್ನೊಂದು ತೊಂದರೆ ಅರ್ಥಿಂಗ್. ಜನವರಿಯ ಒಣ ಮುರಕಲ್ಲಿನಲ್ಲಿ ನಾಲ್ಕಡಿ ರಾಡ್ ಹೊಡೆದು ಎರಡು ಕೊಡ ಉಪ್ಪುನೀರು ಹೊಯ್ದರೂ ನ್ಯೂಟ್ರಲ್-ಅರ್ಥ್ ನಡುವೆ ಎಂಟೊಂಬತ್ತು ವೋಲ್ಟ್ ತೋರಿಸುತ್ತಿತ್ತು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್ಪಿನ) ಗಿಟಾರಿನಲ್ಲಿ ಗುಂಯ್ ಎಂಬ ಸದ್ದು ನಿಲ್ಲಲೇ ಇಲ್ಲ. ಅರ್ಥ್ ಪಿನ್ ತೆಗೆದು ಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ತೆಗೆಯಬೇಡಿ. ಆಂಪಿನ (ಗಿಟಾರಿನ ಸದ್ದು ಏರಿಸುವ ಆಂಪ್ಲಿಫಯರಿನ) ಅರ್ಥ್ ಹೋದಾಗ ಗಿಟಾರಿನ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುವುದು ಬಾಯಿಗೆ. ಸದ್ದು ತೆಗೆಯಬೇಕಾದರೆ ವಾದ್ಯವನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ, ಪ್ಲಗ್ಗಿನ ಪಿನ್ ಮುಟ್ಟಬೇಡಿ. ಗದ್ದೆಗೆ ಇಳಿದ ಮೇಲೆ ಅದೇ ರಾಡ್, ತೇವದ ಮಣ್ಣು, ಒಂದು ವೋಲ್ಟಿಗಿಂತ ಕಡಿಮೆ. ಸೀರಿಯಲ್ ಸೆಟ್ಟು ಮತ್ತು ಡಿಮ್ಮರ್ ದೀಪಗಳನ್ನು ಬೇರೆ ಫೇಸಿಗೆ ಹಾಕಿದೆವು. ಗುಂಯ್ ಸದ್ದು ಅಲ್ಲಿಗೆ ಮುಗಿಯಿತು.

ಕರೆಂಟು ಜನರೇಟರಿನದೇ, 15 ಕೆವಿಎ. ಊರಿನ ಲೈನಿನಲ್ಲಿ ಸಂಜೆ ಎಲ್ಲರ ಪಂಪು ಶುರುವಾದಾಗ 190ಕ್ಕೆ ಇಳಿಯುತ್ತದೆ. ವಾಲ್ವ್ ಆಂಪ್ (ಹಳೆ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವುದು) ಅಷ್ಟರಲ್ಲಿ ಸಾಯುವುದಿಲ್ಲ, ಆದರೆ ಸ್ವರದ ಮೊನೆ ಮೊಂಡಾಗುತ್ತದೆ. ಜನರೇಟರನ್ನು 150 ಅಡಿ ದೂರ, ಅಡಕೆ ತೋಟದ ಮಗ್ಗುಲಲ್ಲಿ ಇಡುತ್ತೇವೆ. ಅಷ್ಟು ದೂರಕ್ಕೆ ಕೇಬಲ್ 6 ಸ್ಕ್ವೇರ್ ಎಂಎಂ ಬೇಕು. 2.5 ಹಾಕಿದರೆ ಉಳಿಯುವ ಹಣಕ್ಕಿಂತ ಬೀಳುವ ವೋಲ್ಟೇಜೇ ದುಬಾರಿ. ಜನರೇಟರಿನ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿದ್ದಾರೋ ಇಲ್ಲವೋ ಎಂದು ಎಲೆಕ್ಟ್ರಿಷಿಯನ್ ಎದುರಿಗೇ ಮೀಟರ್ ಇಟ್ಟು ನೋಡಿ.

ಈಗ ಚಪ್ಪರ. 40 ಅಡಿ ಅಗಲ, 50 ಅಡಿ ಉದ್ದ, ಅಡಕೆ ಮರದ ಕಂಬ, ಮೇಲೆ ಹೆಣೆದ ತೆಂಗಿನ ಮಡಲು, ಅಂದರೆ ಗರಿ. ನಾನೂರರ ಹತ್ತಿರ ಮಡಲು ಬೇಕಾಯಿತು, ಅರ್ಧಕ್ಕರ್ಧ ಮೇಲೊಂದು ಬರುವಂತೆ ಹಾಸಿದರೆ. ಶಾಮಿಯಾನಕ್ಕಿಂತ ಖರ್ಚು ಜಾಸ್ತಿ, ಕೆಲಸವೂ ಮೂರು ದಿನ. ಆದರೂ ಈ ಉತ್ಸವದ ಸ್ವರ ನಿಂತಿರುವುದು ಅದರಡಿಯಲ್ಲಿ. ಮಡಲು ಶೀಟಿನ ಹಾಗೆ ಶಬ್ದವನ್ನು ತಿರುಗಿಸಿ ಕಳಿಸುವುದಿಲ್ಲ; ಅರ್ಧ ಹೀರುತ್ತದೆ, ಅರ್ಧವನ್ನು ಮೇಲಕ್ಕೆ ಬಿಟ್ಟುಬಿಡುತ್ತದೆ. ಎರಡನೆಯ ಲಾಭ ಮಂಜು. ಜನವರಿಯಲ್ಲಿ ಎಂಟರ ನಂತರ ತೆರೆದ ಗದ್ದೆಯಲ್ಲಿ ಮಿಕ್ಸರಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಮಂಜು ಕೂರುತ್ತದೆ, ಮಡಲಿನಡಿ ಕೂರುವುದೇ ಇಲ್ಲ. ಬೆಂಕಿಯ ಬಗ್ಗೆ ಮಾತ್ರ ಎಚ್ಚರ: ಹ್ಯಾಲೊಜೆನ್ ಒಂದೂ ಬೇಡ, ಎಲ್‌ಇಡಿ ಮಾತ್ರ, ಗಂಜಿಯ ಒಲೆ 60 ಅಡಿ ಆಚೆ, ನಾಲ್ಕು ಮೂಲೆಗೆ ಮರಳಿನ ಬಕೆಟ್ಟು.

ಅಮೆರಿಕದ ಅರ್ಕನ್ಸಾಸ್‌ನಲ್ಲಿ ಹೆಲೆನಾ ಎಂಬ ಸಣ್ಣ ಪಟ್ಟಣದಲ್ಲಿ 1986ರಲ್ಲಿ ಶುರುವಾದ ಬ್ಲೂಸ್ ಉತ್ಸವಕ್ಕೆ ಮಿಸಿಸಿಪ್ಪಿ ನದಿಯ ನೆರೆ ತಡೆಯುವ ಒಡ್ಡಿನ ಇಳಿಜಾರೇ ಗ್ಯಾಲರಿ. ನಮಗೆ ಮೇಲಿನ ಗದ್ದೆ ಇದೆ. ಕೆಳಗಿನದಕ್ಕಿಂತ ಒಂದೂವರೆ ಅಡಿ ಎತ್ತರ. ಹಿಂದಿನ ಆರು ಸಾಲು ಅಲ್ಲಿ ಹಾಕಿದರೆ ವೇದಿಕೆ ಎರಡಡಿ ಇದ್ದರೂ ಎಲ್ಲರಿಗೂ ಕಾಣುತ್ತದೆ.

ಗದ್ದೆಯ ಆಚೆ ಬದಿಯಲ್ಲಿ ಗುಡ್ಡ ಕಡಿದ ಬರೆ ಇದೆ, ವೇದಿಕೆಯಿಂದ 40 ಮೀಟರ್. ಶಬ್ದ ಹೋಗಿ ಮರಳಲು ಸುಮಾರು 0.23 ಸೆಕೆಂಡ್. ಭಜನೆಗೆ ಇದರಿಂದ ಏನೂ ಆಗುವುದಿಲ್ಲ. ಬೀಟನ್ನು ಮೂರು ಪಾಲು ಮಾಡಿ ತೂಗುತ್ತಾ ಹೋಗುವ ಬ್ಲೂಸ್ ನಡೆಗೆ, ಅಂದರೆ ಶಫಲ್‌ಗೆ, ಇದು ವಿಷ. ನಿಮಿಷಕ್ಕೆ 130ರ ನಡೆಯಲ್ಲಿ ಒಂದು ಬೀಟು 0.46 ಸೆಕೆಂಡ್, ಮಾರ್ದನಿ ಸರಿಯಾಗಿ ನಡುಮಧ್ಯಕ್ಕೆ ಬಂದು ಬೀಳುತ್ತದೆ. ಶಫಲ್‌ನ ಎರಡನೇ ಪೆಟ್ಟು ಬೀಳಬೇಕಾದದ್ದು ಮೂರರಲ್ಲಿ ಎರಡು ಭಾಗ ಕಳೆದ ಮೇಲೆ. ಹೀಗೆ ಊರಿನ ಬರೆಯೇ ಡ್ರಮ್ಮರಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಡ್ರಮ್ಮರ್ ಸರಿ ಇಲ್ಲ ಎಂದು ಎರಡು ಗಂಟೆ ಅವನನ್ನೇ ತಿದ್ದಿದ ಮೇಲೆ ಕಾರಣ ತಿಳಿಯಿತು. ಪರಿಹಾರಕ್ಕೆ ದುಡ್ಡು ಬೇಕಾಗಲಿಲ್ಲ: ಸ್ಪೀಕರ್ ಸ್ಟ್ಯಾಂಡ್ ಏಳಡಿ, ಮುಖ ಕೆಳಕ್ಕೆ ಹತ್ತು ಡಿಗ್ರಿ ಬಾಗಿಸಿ ಜನರ ಮೇಲೆಯೇ ಬೀಳುವಂತೆ. ಉಳಿದ ಮಡಲುಗಳನ್ನು ಬರೆಯ ಮುಂದೆ ಒಂದಡಿ ಅಂತರ ಬಿಟ್ಟು ತೂಗುಹಾಕಿದೆವು.

ಸಾಮಾನು ಇಷ್ಟೇ: ಜನರ ಕಡೆಗೆ 12 ಇಂಚಿನ ಎರಡು ಟಾಪ್ ಸ್ಪೀಕರ್, ನುಡಿಸುವವರ ಕಡೆಗೆ ಎರಡು ಮಾನಿಟರ್ ಸ್ಪೀಕರ್, ಹಾಡಿಗೆ ಎಸ್‌ಎಂ58 ಮೈಕ್, ಗಿಟಾರಿಗೆ ಎಸ್‌ಎಂ57 ಮೈಕ್. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬಿಟ್ಟು ಡ್ರಮ್ಸಿಗೆ ಮೈಕ್ ಇಲ್ಲ. ಗಿಟಾರ್ ಆಂಪ್ 15 ವಾಟಿನ ವಾಲ್ವ್, ವೇದಿಕೆಯ ಬದಿಯಲ್ಲಿ, ಹಿಂದಕ್ಕೆ ಬಾಗಿಸಿ ನುಡಿಸುವವನ ಕಿವಿಗೆ ಗುರಿ ಇಟ್ಟು. ಕಾಲಿಗೆ ಗುರಿ ಇಟ್ಟರೆ ಅವನು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾನೆ. ಕಿಕ್ ಮತ್ತು ಬೇಸ್ ಬಿಟ್ಟು ಎಲ್ಲ ಚಾನೆಲ್‌ನಲ್ಲೂ 80 ಹರ್ಟ್ಸ್ ಕೆಳಗೆ ಕಟ್. 18 ಇಂಚಿನ ಸಬ್‌ಗಳನ್ನು ತರಿಸಲೇ ಇಲ್ಲ, ನೆರೆಮನೆಯ ಕಿಟಕಿಗೆ ಮೊದಲು ತಲುಪುವುದು ಅದೇ. ಎಕೋ ಪೂರ್ತಿ ಬಂದ್. ನಮ್ಮಲ್ಲಿ ಮೈಕ್ ಕೊಟ್ಟ ಕೂಡಲೇ ಎಕೋ ಹಾಕುವ ಅಭ್ಯಾಸ. ಯಂತ್ರವನ್ನೇ ರ‍್ಯಾಕಿನಿಂದ ಇಳಿಸಿಡುವುದು ಒಳ್ಳೆಯದು. ಹಾರ್ಮೋನಿಕಾ ಚಾನೆಲ್‌ನಲ್ಲಿ ಯಾವ ಜಾಗದಲ್ಲಿ ಎಷ್ಟು ಇಳಿಸುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಕಿವಿ ಕೊಟ್ಟು ಹಿಡಿದದ್ದು.

ಫೋನಿನ ಮೀಟರಿನಲ್ಲಿ ಹದಿನೈದು ಮೀಟರ್ ದೂರಕ್ಕೆ 85ರಿಂದ 88 ಡೆಸಿಬೆಲ್. ಪದವಿನಲ್ಲಿ 102 ಇತ್ತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ಮೈಕ್ ಹಾಕಿದ ಜಾಗದ ಗಡಿಯಲ್ಲಿ ಅದಕ್ಕಿಂತ 10 ಹೆಚ್ಚು ಮಾತ್ರ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು. ನಾವು 9:45ಕ್ಕೆ ನಿಲ್ಲಿಸುತ್ತೇವೆ. ಅನುಮತಿ ಪತ್ರದಲ್ಲಿ ಹಾಗೆಯೇ ಬರೆಯುತ್ತೇವೆ. ಈ ಸಲ ಒಂದೂ ದೂರು ಬರಲಿಲ್ಲ.

ನಡುವೆ ಒಂದು ಪ್ರಯೋಗ. ಯಕ್ಷಗಾನದ ಮದ್ದಳೆಯವರೊಬ್ಬರನ್ನು ಗಿಟಾರಿನ ಜೊತೆ ಕೂರಿಸಿದೆವು. ಶಫಲ್ ಎಂದರೆ ತಿಶ್ರ ನಡೆ ಎಂದದ್ದೇ ಸಾಕಾಯಿತು, ಎರಡೇ ನಿಮಿಷದಲ್ಲಿ ಹಿಡಿದರು. ಗಿಟಾರ್ ಇ ಸ್ವರದಲ್ಲಿ, ಅಂದರೆ ಬಿಳಿ ಮೂರು. ಮದ್ದಳೆ ಅಲ್ಲಿಗೆ ಸುಲಭವಾಗಿ ಬಂತು. ಬ್ಲೂಸ್ ಹಾಡಿನ ಒಂದು ಸುತ್ತಿಗೆ ಹನ್ನೆರಡು ಬಾರ್, ಅಂದರೆ ಆವರ್ತ. ಐದನೇ ಬಾರ್‌ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಮಧ್ಯಮಕ್ಕೆ ಹೋದಾಗ ಮದ್ದಳೆಯ ಷಡ್ಜ ಅದರ ಪಂಚಮವಾಗಿ ಕೂರುತ್ತದೆ, ತೊಂದರೆ ಇಲ್ಲ. ಒಂಬತ್ತನೇ ಬಾರ್‌ನಲ್ಲಿ ಪಂಚಮದ ಕಾರ್ಡಿಗೆ ಹೋದಾಗ ಆ ಷಡ್ಜ ಹೊಂದದೆ ತಾಗುತ್ತದೆ. ಅಲ್ಲಿ ಮುಚ್ಚಿದ ಪೆಟ್ಟು ಮಾತ್ರ ಎಂದು ಮಾಡಿಕೊಂಡೆವು. ಚೆಂಡೆಯನ್ನು ಈ ಚಪ್ಪರದಡಿ ತರಬಾರದು, ಉಳಿದ ಎಲ್ಲವನ್ನೂ ಅದು ನುಂಗುತ್ತದೆ.

ಹಣದ ಲೆಕ್ಕ ನೆನಪಿನಿಂದ: ಕಲಾವಿದರಿಗೆ ಪ್ರಯಾಣ ಸೇರಿ 60,000, ಸೌಂಡ್ 22,000, ಜನರೇಟರ್ ಡೀಸೆಲ್ ಸಹಿತ 9,500, ಚಪ್ಪರ 14,000, ಕುರ್ಚಿ ಎಂಟು ರೂಪಾಯಿಯಂತೆ 2,400, ಊಟ-ಚಹಾ 24,000, ವಸತಿ, ಮುದ್ರಣ, ಲೈಸೆನ್ಸ್ ಎಲ್ಲ ಸೇರಿ 13,000ದ ಆಸುಪಾಸು. ಒಟ್ಟು ಒಂದು ಲಕ್ಷದ ನಲವತ್ತೈದು ಸಾವಿರ. ಪದವಿನ ವರ್ಷ ಉಚಿತ ಪ್ರವೇಶ ಇಟ್ಟು 48,000 ಕೈಯಿಂದ ಹೋಗಿತ್ತು. ಈಗ ಟಿಕೆಟ್ ಎಂದು ಹೇಳುವುದಿಲ್ಲ, ಊಟದ ಕೂಪನ್ 300 ರೂಪಾಯಿ, ಡಿಸೆಂಬರಿನಲ್ಲೇ ಮಾರಿ ಮುಗಿಸುವುದು. ಸಂಗೀತಕ್ಕೆ 300 ಕೊಡಲು ಹಿಂದೆ ಮುಂದೆ ನೋಡುವವರು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ ಮತ್ತು ಸಂಜೆಯ ಗೋಳಿಬಜೆ ಸೇರಿದರೆ ಮನೆಗೆ ನಾಲ್ಕು ಕೂಪನ್ ಕೊಳ್ಳುತ್ತಾರೆ. 300 ಜನಕ್ಕೆ ಅಕ್ಕಿ 30 ಕಿಲೋ ಸಾಕು. ಉಳಿದದ್ದು ಅಂಗಡಿಯವರ ಜಾಹೀರಾತು ಮತ್ತು ಊರಿನ ಕೆಲವು ಮನೆಗಳಿಂದ. ಕೂಪನ್ ಮೊದಲು ಮಾರುವ ಮನೆಗಳ ಕ್ರಮ ನಮ್ಮಲ್ಲೇ ಇರಲಿ.

ಹಾಡಿನ ಆಯ್ಕೆಯಲ್ಲೂ ದುಡ್ಡು ಉಳಿಯುತ್ತದೆ. ಇಲ್ಲಿ ಕೃತಿಸ್ವಾಮ್ಯ ರಚನೆಕಾರ ತೀರಿಕೊಂಡು 60 ವರ್ಷದವರೆಗೆ. ಹಳೆಯ ಬ್ಲೂಸ್ ರಚನೆಕಾರರಲ್ಲಿ 1938ರಲ್ಲಿ ತೀರಿಕೊಂಡ ರಾಬರ್ಟ್ ಜಾನ್ಸನ್, 1958ರಲ್ಲಿ ತೀರಿಕೊಂಡ ಡಬ್ಲ್ಯು. ಸಿ. ಹ್ಯಾಂಡಿ ಒಬ್ಬರೇ ಬರೆದ ಹೆಚ್ಚಿನ ಹಾಡುಗಳಿಗೆ ಇಲ್ಲಿ ಆ ಅವಧಿ ಮುಗಿದಿದೆ. 1983ರವರೆಗೆ ಬದುಕಿದ್ದ ಮಡ್ಡಿ ವಾಟರ್ಸ್ ಅವರ ಹಾಡುಗಳಿಗೆ ಲೈಸೆನ್ಸ್ ಬೇಕು. ತಂಡಗಳಿಂದ ಹಾಡಿನ ಪಟ್ಟಿಯನ್ನು ಡಿಸೆಂಬರ್ 15ರೊಳಗೆ ತರಿಸಿಕೊಳ್ಳುತ್ತೇವೆ. ಕೊನೆಗಳಿಗೆಯಲ್ಲಿ ಹಾಡು ಬದಲಿಸುವ ತಂಡಕ್ಕೆ ಮುಂದಿನ ಸಲ ಕರೆ ಇಲ್ಲ.